ಟವೆಲ್ಲಿನೊಳಗಿನ ಕೈ

ಆ ದಲ್ಲಾಳಿಯ ಬಲಗೈ ಬೆಣ್ಣೆಯಂತೆ ಮೆತ್ತಗಿತ್ತು. ಹಾವೇರಿಯ ದನದ ಸಂತೆಯಲ್ಲಿ ಮುದುಕನಾದವನು, ಕೈಯಲ್ಲಿ ಒಂದು ಗಂಟಿಲ್ಲ, ಒಂದು ಗೀರಿಲ್ಲ. ಹಗ್ಗವನ್ನೂ ಬೇರೆಯವರಿಂದಲೇ ಹಿಡಿಸುತ್ತಿದ್ದ. ಇಂದಿಗೂ ಆ ಕೈ ನೆನಪಾದರೆ ನನಗೆ ಮೈಯೆಲ್ಲ ಉರಿಯುತ್ತದೆ.

ದನದ ಸಂತೆಯಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಇಬ್ಬರೂ ಕೈ ಸೇರಿಸಿ, ಬೆರಳು ಹಿಡಿದು ಕುದುರಿಸುತ್ತಾರೆ. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗುವುದಿಲ್ಲ. ಆದರೆ ದಲಿತ ಕೇರಿಯವರು ದನ ಮಾರಲು ಬಂದರೆ ಇವನ ಟವೆಲ್ಲು ಹೆಗಲಿನಿಂದ ಇಳಿಯುತ್ತಿರಲಿಲ್ಲ. "ನಿಮಗ್ಯಾಕ ಕೈ? ಬಾಯಿಲೇ ಹೇಳ್ತೇನಿ" ಎಂದು ದೂರದಿಂದಲೇ ಒಂದು ಕಡಿಮೆ ದರ ಕೂಗುತ್ತಿದ್ದ. ಇಡೀ ಸಂತೆಗೆ ಕೇಳಿಸಿದ ಮೇಲೆ ಅದಕ್ಕಿಂತ ಹೆಚ್ಚು ಯಾರು ಕೊಡುತ್ತಾರೆ? ಅಯೋಗ್ಯ! ಮಡಿಯೂ ಉಳಿಯಿತು, ಲಾಭವೂ ಬಂತು.

ಎಂಬತ್ತರ ದಶಕದ ಕೊನೆಗೆ ನಾನು ಗುತ್ತಲದ ದನದ ದವಾಖಾನೆಯಲ್ಲಿದ್ದೆ. ಬರೀ ಸಹಾಯಕ, ಆದರೆ ಜನರ ಬಾಯಲ್ಲಿ ಡಾಕ್ಟರೇ. ಬಡವರು ಮೇಲೆ ಬರಲೆಂದು ಸರ್ಕಾರ ಎಮ್ಮೆ ಕೊಡಿಸುತ್ತಿದ್ದ ಕಾಲ ಅದು. ಎಮ್ಮೆ ಆರಿಸಿ ತರುವವನು ಇದೇ ದಲ್ಲಾಳಿ, ಅವನ ಮನೆಯೂ ಗುತ್ತಲದಲ್ಲೇ. ದೋಷವಿಲ್ಲ ಎಂದು ರುಜು ಹಾಕುವವನು ನಾನು. ಗುತ್ತಲದ ಕೇರಿಯಲ್ಲಿ ಗಂಡನಿಲ್ಲದ ಒಬ್ಬ ಹೆಣ್ಣುಮಗಳಿಗೆ ಎಮ್ಮೆ ಬಂತು. ಹಾಲು ಮಾರಿ ಬದುಕಬೇಕು, ಮಂದಿಯ ಹೊಲದ ಕೂಲಿ ಬಿಡಬೇಕು ಎಂಬುದೊಂದೇ ಅವಳ ಹಟ. ನಾನು ಕೆಚ್ಚಲನ್ನು ಕಣ್ಣಲ್ಲೇ ನೋಡಿ ರುಜು ಹಾಕಿದೆ. ಕೈ ಹಚ್ಚಿ ಹಿಂಡಲಿಲ್ಲ. ಅದು ನನ್ನ ತಪ್ಪು.

ಒಂದು ಮೊಲೆ ಸತ್ತಿತ್ತು. ಹಾಲು ಮೂರರಲ್ಲಿ ಮಾತ್ರ, ಅದೂ ಅರೆಬರೆ. ನಾನು ಕೇಳಲು ಹೋದರೆ ದಲ್ಲಾಳಿ ಎಲೆ ಜಗಿಯುತ್ತ ನಕ್ಕ.

"ದಾನದ ಎಮ್ಮಿ ಹಲ್ಲ ಹಿಡದು ನೋಡಬಾರದ್ರಿ ಡಾಕ್ಟರ್ರ. ಕೇರಿಯವರಿಗೆ ಮೂರು ಮೊಲಿ ಸಾಕು ಬಿಡ್ರಿ."

ಅವನ ಮುಖಕ್ಕೆ ಉಗುಳಬೇಕಿತ್ತು. ನಾನು ಹೇಡಿ, ಚಹಾ ಕುಡಿದು ಬಂದೆ.

ಮುಂದಿನ ಸಂತೆಗೆ, ಬೇರೆ ದನಗಳ ತಪಾಸಣೆಗೆಂದು ನಾನೂ ಹಾವೇರಿಗೆ ಹೋಗಿದ್ದೆ. ಆಕೆ ಗುತ್ತಲದಿಂದ ಎಮ್ಮೆ ಹೊಡೆದುಕೊಂಡು ನಡೆದೇ ಬಂದಿದ್ದಳು.

"ಸಾವ್ಕಾರ್ರ, ಇದನ್ನ ಹೊಳ್ಳಿ ತಗೊಂಡು ಬ್ಯಾರೇದು ಕೊಡ್ರಿ."

"ಏ, ದೂರ ನಿಂತು ಮಾತಾಡು!"

ಆಕೆ ದೂರ ನಿಲ್ಲಲಿಲ್ಲ. ಅವನ ಹೆಗಲ ಟವೆಲ್ಲು ಎಳೆದು, ಅವನ ಬಲಗೈ ಮೇಲೆ ಹೊದಿಸಿ, ಒಳಗೆ ಕೈ ಹಾಕಿ ಮೂರು ಬೆರಳು ಗಟ್ಟಿಯಾಗಿ ಹಿಡಿದಳು.

"ಎಣಸ್ರಿ. ಒಂದು, ಎರಡು, ಮೂರು. ನಾಕನೇದು ಎಲ್ಲಿ ಐತಿ?"

ಅವನು ಕೊಸರಾಡಿದ. ಜೋಳ ಕೊಯ್ದ ಕೈ ಅದು, ಬಿಡಲಿಲ್ಲ. ಸಂತೆಯೆಲ್ಲ ಸುತ್ತ ನೆರೆಯಿತು. ಆಕೆ ನನ್ನ ಕಡೆ ತಿರುಗಿದಳು.

"ಡಾಕ್ಟರ್ರ, ನೀವು ಕಣ್ಣಿಲೇ ಎಣಿಸಿದ್ರಿ. ನಾ ಕೈಲೇ ಎಣಿಸೇನಿ."

ನಾಚಿಕೆಯಿಂದ ಸತ್ತೆ. ಮೊದಲು ಬರೆದದ್ದು ಸುಳ್ಳು ಎಂದು ಅಲ್ಲೇ ನಿಂತು ಬರೆದುಕೊಟ್ಟೆ. ಮೇಲಿನವರು ನನ್ನನ್ನು ಬೈದರು. ಆದರೆ ದಲ್ಲಾಳಿ ನಾಲ್ಕು ಮೊಲೆಯ ಎಮ್ಮೆ ಕೊಡಲೇಬೇಕಾಯಿತು. ಆ ದಿನ ಅವನು ದನದ ನೀರಿನ ತೊಟ್ಟಿಯಲ್ಲಿ ಮೂರು ಸಲ ಕೈ ತೊಳೆದು, ಟವೆಲ್ಲನ್ನು ಅಲ್ಲೇ ಎಸೆದು ಹೋದ. ಆಮೇಲೆ ಅವನು ಸಂತೆಯಲ್ಲಿ ಕೈ ಚಾಚಿದರೆ ಸಾಕು, ಯಾರಾದರೊಬ್ಬರು "ನಾಕನೇದು ಎಲ್ಲಿ ಐತ್ರಿ?" ಎಂದು ಚಾಷ್ಟಿ ಮಾಡುತ್ತಿದ್ದರು.

ಕೆಲವು ವರ್ಷಗಳ ಮೇಲೆ ಅವನು ತೀರಿಕೊಂಡ. ದೊಡ್ಡವರ ಹೆಣದ ಮುಂದೆ ಕೇರಿಯವರು ಹಲಗೆ ಬಾರಿಸಬೇಕೆಂಬುದು ಊರ ರೂಢಿ. ಅವನ ಹಿರಿಯ ಮಗ ಕರೆಯಲು ಬಂದಾಗ ನಾನು ಆಕೆಯ ಅಂಗಳದಲ್ಲೇ ಇದ್ದೆ, ಕರುವಿಗೆ ಔಷಧ ಕುಡಿಸುತ್ತ. ಆಕೆ ಹಾಲು ಹಿಂಡುತ್ತಿದ್ದಳು. ಮೇಲೇಳಲಿಲ್ಲ, ತಿರುಗಿಯೂ ನೋಡಲಿಲ್ಲ.

"ನಿಮಗ್ಯಾಕ ಹಲಗಿ? ಬಾಯಿಲೇ ಅಳ್ರಿ."

ಕೇರಿಯಿಂದ ಒಬ್ಬರೂ ಹೋಗಲಿಲ್ಲ. ಹೆಣ ಸದ್ದಿಲ್ಲದೆ ಹೋಯಿತು. ನನಗೆ ಒಂದಿಷ್ಟೂ ಕೆಟ್ಟದೆನಿಸಲಿಲ್ಲ.