ಹಾಲಮ್ಮನ ಕೈಗುಣ, ನನ್ನ ಜಾತಿ ನಾಯಿ

ಸೂರಿ ಸತ್ತದ್ದು ನಿನ್ನ ಕೈಯಿಂದಲ್ಲ, ಹಾಲಮ್ಮ. ನಾನು ಕೊಟ್ಟ ಆ ನಾಯಿ ಯಾಕೆ ಸತ್ತಿತು ಎಂಬುದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ಜನರ ಮುಂದೆ ನಿನ್ನ ಮೇಲೆ ಹೊರಿಸಿದೆ — ನನ್ನ ಮನೆಯ ನಾಯಿಯ ಹೆಸರು ಉಳಿಸಲು ತಂಗಿಯ ಹೆಸರು ಕೆಡಿಸಿದೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಬಂದರೆ ದಾರಿಯಲ್ಲಿ ಎಲ್ಲಾದರೂ ನುಣುಚಿಕೊಳ್ಳುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ಹೋದ ವಾರ ನನ್ನ ಮಗಳು ಸುಮಾ ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಯಿಂದ ಮಗುವಿನೊಂದಿಗೆ ಕೊಟ್ಟೂರಿನ ನಮ್ಮ ಮನೆಗೆ ಬಂದಳಲ್ಲ, ಆಗ ನಿನ್ನ ಅತ್ತಿಗೆ ಮಗುವನ್ನು ನಿನ್ನ ಕಡೆ ಚಾಚಿದಳು. "ನೀನ ಎತ್ಕೊಂಡು ಹೊಸ್ತಿಲ ದಾಟಿ ಬಾರವ್ವ, ಹಾಲಮ್ಮ" ಅಂದಳು. ನೀನು ಹಿಂದೆ ಸರಿದೆ. ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು, "ನನ್ನ ಕೈ ಬ್ಯಾಡ ಅತ್ತಿಗಿ, ಹಸಗೂಸು" ಅಂದೆ. ನಿನ್ನ ಅತ್ತಿಗೆ ಅದನ್ನು ನಾಚಿಕೆ ಎಂದುಕೊಂಡಳು. ಆ ಕೈಗಳನ್ನು ಸೆರಗಿನೊಳಗೆ ಸೇರಿಸಿದವನು ನಾನು. ಅಲ್ಲೇ ನಿಂತಿದ್ದೆ, ಆಟೋದವನಿಗೆ ದಾರಿ ಬಿಡುವ ನೆಪ ಮಾಡಿಕೊಂಡು ಹೊರಗೆ ಹೋದೆ.

ಇದನ್ನು ಬೇರೆಯವರೂ ಓದಬೇಕು. ಅದಕ್ಕೇ ನಿನಗೆ ಗೊತ್ತಿರುವುದನ್ನೂ ಬರೆಯುತ್ತಿದ್ದೇನೆ. ನೀನು ನನ್ನ ಒಬ್ಬಳೇ ತಂಗಿ, ಹರಪನಹಳ್ಳಿ ಕಡೆಯ ಚಿಗಟೇರಿಗೆ ಕೊಟ್ಟ ಹೆಣ್ಣು. ಒಂದು ಕಾಲಕ್ಕೆ ಆ ಊರಿನಲ್ಲಿ ಯಾರ ಮನೆಯ ಕೋಳಿ ಕಾವಿಗೆ ಕೂತರೂ ಅದರಡಿ ಮೊಟ್ಟೆ ಇಡಲು ನಿನ್ನನ್ನೇ ಕರೆಯುತ್ತಿದ್ದರು. ಮೆಕ್ಕೆಜೋಳದ ಮೊದಲ ಹಿಡಿ ಬೀಜ ನಿನ್ನ ಕೈಯಿಂದಲೇ ಬೀಳಬೇಕು. ತಾಯಿ ಸತ್ತ ಕುರಿಮರಿಗೆ ನೀನೇ ಹಾಲು ಕುಡಿಸಬೇಕು. ಹಾಲಮ್ಮನ ಕೈಗುಣ ಚಲೋ ಐತಿ, ಮುಟ್ಟಿದ್ದು ಬದುಕುತ್ತದೆ — ಇದು ಊರಿನ ಮಾತು. "ಎಲ್ಲಾ ಸುಳ್ಳು ಬಿಡ್ರಿ" ಎಂದು ನೀನು ನಗುತ್ತಿದ್ದೆ. ನಗುತ್ತಲೇ, ಒಲೆಯ ಮೇಲಿನ ಸಾರು ಇಳಿಸಿಟ್ಟು, ಕರೆದವರ ಮನೆಗೆ ಓಡುತ್ತಿದ್ದೆ. ಮೈಮೇಲೆ ಹೆಚ್ಚು ಬಂಗಾರವಿಲ್ಲದ ನಿನಗೆ ಆ ಮಾತೇ ಒಡವೆಯಾಗಿತ್ತು.

ನನಗೆ ಅಂಥ ಹೆಸರು ಯಾವುದೂ ಇರಲಿಲ್ಲ. ಸುಟ್ಟ ಪಂಪ್‌ಸೆಟ್ ಬಿಚ್ಚಿ ತಾಮ್ರದ ತಂತಿ ಸುತ್ತುವವನು, ಮೈತುಂಬ ವಾರ್ನಿಷ್ ವಾಸನೆ. ಕರೆಂಟು ಬಂದಾಗ ಮೋಟಾರು ತಿರುಗದಿದ್ದರೆ ಮಾತ್ರ ಜನಕ್ಕೆ ನನ್ನ ನೆನಪು. ಟೈಗರ್ ಬಂದ ಮೇಲೆ ಎಲ್ಲ ಬದಲಾಯಿತು. ಅಚ್ಚ ಮುಧೋಳ ನಾಯಿ — ಉದ್ದ ಕಾಲು, ಒಳಗೆ ಸೇದಿದ ಹೊಟ್ಟೆ, ಓಡಿದರೆ ನೆಲ ಮುಟ್ಟಿದ್ದೇ ಕಾಣದು. ಹಡಗಲಿ, ಕೂಡ್ಲಿಗಿ ಕಡೆಯಿಂದ ಜನ ಬೈಕು ಹತ್ತಿ ಬಂದು, "ಜಾತಿ ನಾಯಿ ಕೊಟ್ರೇಶಣ್ಣನ ಅಂಗಡಿ ಇದೇನ್ರಿ?" ಎಂದು ಕೇಳುವಾಗ ನನಗೆ ಕೋಡು ಮೂಡುತ್ತಿತ್ತು. ನಾನೇ ಮುಧೋಳದಿಂದ ಬಂದವನಂತೆ ಎದೆ ಉಬ್ಬಿಸಿ ನಡೆಯುತ್ತಿದ್ದೆ.

ಒಂದು ದಿನ ಟೈಗರ್ ಕಾಂಪೌಂಡು ಹಾರಿತು. ಎದುರಿನ ಚಹಾ ಅಂಗಡಿಯ ಬೂದಿಯಲ್ಲಿ ಮಲಗುತ್ತಿದ್ದ ಬೀದಿನಾಯಿ ಮುಂದೆ ಮರಿ ಹಾಕಿತು. ಕರಿಯ ಮರಿಗಳು, ಕಾಲು ಮಾತ್ರ ಟೈಗರಿನವು. ಚಹಾ ಕುಡಿಯಲು ಬಂದವರಿಗೆಲ್ಲ ನನ್ನನ್ನು ಕಾಡಿಸಲು ಒಂದು ವಿಷಯ ಸಿಕ್ಕಿತು. "ಏನಣ್ಣ, ಜಾತಿ ಕೆಡ್ತಲ್ಲ?" ನಿಮ್ಮೂರಿನ ಕುರಿಗಾರ ಬೀರಪ್ಪ ಕುರಿ ಸಂತೆಗೆ ಬಂದವನು ಅದರಲ್ಲೊಂದು ಮರಿ ಕೇಳಿದ. "ಒಯ್ಯಿ ಮಾರಾಯ, ಈ ಬೆರಕಿ ನನ್ನ ಕಣ್ಣ ಮುಂದ ಇರಾದು ಬ್ಯಾಡ" ಎಂದು ಕೊಟ್ಟೆ. ಬೆರಕೆ ಎನ್ನುವ ಆ ಮಾತನ್ನು ನಾನು ಹೇಗೆ ಉಗುಳಿದೆ ಎಂಬುದು ಇವತ್ತಿಗೂ ಕಿವಿಯಲ್ಲಿದೆ.

ಆಮೇಲೆ ನನಗೆ ಹುಚ್ಚೇ ಹಿಡಿಯಿತು. ಜಾತಿ ಕೆಡಬಾರದು, ಹೊರಗಿನ ರಕ್ತ ಸೇರಬಾರದು! ಟೈಗರಿಗೆ ಇನ್ನೊಂದು ಮುಧೋಳ ನಾಯಿಯಲ್ಲಿ ಮೊದಲೇ ಹುಟ್ಟಿದ್ದ ಹೆಣ್ಣು ಚೆಲುವಿ ಮನೆಯಲ್ಲೇ ಇತ್ತು. ಅದಕ್ಕೂ ಅದರಪ್ಪನಿಗೂ ಕ್ರಾಸ್ ಮಾಡಿಸಿದೆ. ನಿನ್ನ ಅತ್ತಿಗೆ ಬಾಗಿಲಲ್ಲಿ ನಿಂತು, "ಅದು ಅವನ ಮಗಳಲ್ಲೇನ್ರಿ?" ಅಂದಳು. "ನಾಯಿಗೆ ಎಂಥಾ ಸಂಬಂಧನ, ಸುಮ್ಕಿರು" ಅಂದೆ. ಸುಟ್ಟ ತಂತಿಯನ್ನೇ ತಿರುಗಿ ಸುತ್ತಿದರೆ ಮೋಟಾರು ಮತ್ತೆ ಸುಡುತ್ತದೆ ಎಂದು ಗಿರಾಕಿಗಳಿಗೆ ಬುದ್ಧಿ ಹೇಳುವವನು ನಾನೇ. ಚೆಲುವಿ ಈದ ಮರಿಗಳು ನೋಡಲು ಬೆಣ್ಣೆಯ ಮುದ್ದೆಗಳು. ಅವುಗಳಲ್ಲಿ ಎಲ್ಲಕ್ಕಿಂತ ಚೆಂದದ್ದನ್ನು ತೆಗೆದು ನಿನಗೆ ಕೊಟ್ಟೆ. ತವರಿನಿಂದ ಬಂದದ್ದೆಂದು ನೀನು ಅದಕ್ಕೆ ಆರತಿ ಎತ್ತಿ ಒಳಗೆ ಕರೆದುಕೊಂಡೆಯಂತೆ, ಸೂರಿ ಎಂದು ಹೆಸರಿಟ್ಟೆಯಂತೆ. ಕೊಡುವಾಗ ನನಗೆ ಕೆಟ್ಟ ಮನಸ್ಸಿರಲಿಲ್ಲ — ಇದೊಂದನ್ನು ನಂಬಬೇಕು. ಅಥವಾ ನಂಬಬೇಡ, ಬಿಡು. ಕೆಟ್ಟದ್ದು ಶುರುವಾದದ್ದು ಆಮೇಲೆ.

ಮರಿಗಳು ಎಳೆ ಪ್ರಾಯಕ್ಕೆ ಬರುತ್ತಿದ್ದಂತೆ ನಮ್ಮ ಮನೆಯಲ್ಲಿ ಉಳಿದದ್ದು ಒಂದು ಬೆಳಿಗ್ಗೆ ಬಿದ್ದು ಕಾಲು ಬಡಿಯಿತು. ಬಾಯಲ್ಲಿ ನೊರೆ. ಹರಪನಹಳ್ಳಿಯ ದನದ ಡಾಕ್ಟರ ಹತ್ತಿರ ಒಯ್ದೆ. ಅವರು ಮೊದಲು ಕೇಳಿದ್ದೇ "ಇದರ ತಂದಿ ತಾಯಿ ಯಾವು?" ಎಂದು. ಹೇಳಿದೆ. "ಫಿಟ್ಸು. ಒಂದ ಮನಿಯೊಳಗ ಕೂಡಿಸಿದ್ರ ಒಳಗ ಮುಚ್ಕೊಂಡಿದ್ದ ದೋಷ ಎದ್ದು ಬರ್ತೈತ್ರಿ. ದಿನಾ ಗುಳಿಗಿ ಹಾಕ್ರಿ, ತಡೀಬಹುದು. ಇದರ ಒಡಹುಟ್ಟಿದವು ಎಲ್ಲೆಲ್ಲಿ ಅದಾವೋ ಅವರಿಗೂ ಹೇಳ್ರಿ" ಅಂದರು. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಟೈಗರ್ ಹೆಸರು ಹೋಗುತ್ತದೆ. ನನ್ನ ಮರಿಗೂ ಗುಳಿಗೆ ಸರಿಯಾಗಿ ಹಾಕಲಿಲ್ಲ — ಅಂಗಡಿಗೆ ಬಂದವರು ಗುಳಿಗೆ ನೋಡಿ ಕೇಳಿಯಾರು ಎಂಬ ಅಂಜಿಕೆ. ಅದು ಬಹಳ ದಿನ ಬಾಳಲಿಲ್ಲ. ಅಂಗಡಿಯ ಹಿಂದೆ ಹುಗಿದೆ. ಹರಪನಹಳ್ಳಿ ಕಡೆಯ ಅರಸೀಕೆರೆಗೆ ಕೊಟ್ಟ ಮರಿಯೂ ಹಾಗೆಯೇ ಹೋಯಿತೆಂದು ಸುದ್ದಿ ಬಂತು. "ಯಾರೋ ವಿಷ ಹಾಕ್ಯಾರ" ಎಂದು ಅವರನ್ನೇ ನಂಬಿಸಿದೆ.

ನಿನ್ನ ಫೋನು ಬಂದದ್ದು ಅದೇ ದಿನಗಳಲ್ಲಿ. "ಅಣ್ಣಾ, ಸೂರಿ ಒಮ್ಮೊಮ್ಮೆ ಬಿದ್ದು ಒದ್ದಾಡ್ತೈತಿ. ಹರಪನಹಳ್ಳಿ ಡಾಕ್ಟರಿಗೆ ತೋರಿಸ್ಲೇನು?" ಅಲ್ಲಿಗೆ ಹೋದರೆ ಅವರು ತಂದೆ ತಾಯಿಯನ್ನು ಕೇಳುತ್ತಾರೆ — ನನ್ನ ತಲೆಗೆ ಹೊಳೆದದ್ದು ಅದೊಂದೇ. "ಬಿಸಿಲಿಗೆ ಹಂಗಾಗ್ತೈತಿ. ಉಳ್ಳಾಗಡ್ಡಿ ಮೂಸಿಸು, ನೀರು ಕುಡಿಸು. ಡಾಕ್ಟರು ಗೀಕ್ಟರು ಬ್ಯಾಡ" ಅಂದೆ. ನೀನು ಹಾಗೆಯೇ ಮಾಡಿದೆ, ಅಣ್ಣ ಹೇಳಿದ್ದಲ್ಲವೇ. ಅಷ್ಟೇ ಅಲ್ಲ, ತವರಿನಿಂದ ಬಂದದ್ದಕ್ಕೆ ಕುಂದು ಹೇಳಬಾರದೆಂದು ಅತ್ತೆ ಮನೆಯವರಿಂದಲೂ ಮುಚ್ಚಿಟ್ಟೆ. ಅದು ಬಿದ್ದಾಗಲೆಲ್ಲ ಕಣದ ಹಿಂದೆ ಎತ್ತಿಕೊಂಡು ಹೋಗಿ, ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆಯಂತೆ. ಇದನ್ನೆಲ್ಲ ಬೀರಪ್ಪ ಎಷ್ಟೋ ಕಾಲದ ಮೇಲೆ ಹೇಳಿದ. ನನ್ನ ಮಾನ ಕಾಯಲು ನೀನು ಅಷ್ಟು ಕಷ್ಟಪಡುತ್ತಿದ್ದೆ — ನಾನು ನಿನ್ನ ಮಾನವನ್ನು…

ಮರುವರ್ಷ ಸೂರಿ ಸತ್ತ ಸುದ್ದಿ ಕೇಳಿ ಬಂದೆನಲ್ಲ, ಒಬ್ಬನೇ ಬಂದಿರಲಿಲ್ಲ. ಟೈಗರಿನ ಮರಿ ಬೇಕೆಂದು ದುಂಬಾಲು ಬಿದ್ದಿದ್ದ ಹಡಗಲಿಯ ಒಬ್ಬ ದೊಡ್ಡ ಮನುಷ್ಯನ ಜೀಪಿನಲ್ಲಿ ಬಂದಿದ್ದೆ. ನಿಮ್ಮ ಮನೆಯ ಮುಂದಿನ ಬೇವಿನ ಕಟ್ಟೆಯ ಮೇಲೆ ಜನ ಕೂತಿದ್ದರು. ಬೀರಪ್ಪನ ಕಾಲ ಬಳಿ ಅವನ ಕರಿಯ — ನಾನು ಉಗುಳಿ ಕೊಟ್ಟ ಆ ಬೆರಕೆ — ಹೋರಿಗರುವಿನಷ್ಟು ಗಟ್ಟಿಯಾಗಿ ನಿಂತಿತ್ತು. ಬೀರಪ್ಪನ ಮಾತಿನಲ್ಲಿ ಕುಹಕವಿರಲಿಲ್ಲ, ತಿಳಿಯದೆ ಕೇಳಿದ: "ಅಲ್ರಿ ಕೊಟ್ರೇಶಣ್ಣ, ಎರಡಕ್ಕೂ ಅಪ್ಪ ನಿಮ್ಮ ಟೈಗರ. ನನ್ನ ಬೆರಕಿ ಕಲ್ಲು ಇದ್ದಂಗ ಅದಾನ. ಜಾತಿದು ಯಾಕ ಹಿಂಗಾತು?"

ಎಲ್ಲರೂ ನನ್ನ ಕಡೆ ನೋಡಿದರು. ಹಡಗಲಿಯವನೂ ನೋಡಿದ. ಸೂರಿಯ ತಾಯಿ ಯಾರೆಂದು ಹೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನಾನು ಹೇಳಿದ್ದು — "ನಾಯಿದೇನು ತಪ್ಪು ಬೀರಪ್ಪ. ಜಾತಿ ನಾಯಿ ಸಾಕಾಕ ಕೈಗುಣ ಬೇಕು."

ಹೆಸರು ಎತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ನೀನು ಬಾಗಿಲಲ್ಲಿ ಸೂರಿಯ ಹಗ್ಗ ಹಿಡಿದು ನಿಂತಿದ್ದೆ, ಅತ್ತೂ ಅತ್ತೂ ಕಣ್ಣು ಊದಿತ್ತು. ನೀನು ಅಂಗೈ ಬಿಚ್ಚಿ ಒಮ್ಮೆ ನೋಡಿಕೊಂಡೆ, ಹಗ್ಗ ಗೂಟಕ್ಕೆ ಹಾಕಿ ಒಳಗೆ ಹೋದೆ. ಆಮೇಲೆ ನನಗೇ ಊಟಕ್ಕೆ ಬಡಿಸಿದೆ. ನಾನು ಉಂಡೆ.

ಆ ಮಾತು ನನಗಿಂತ ಮೊದಲು ಊರು ಸುತ್ತಿತು. ಬೇರೆ ಯಾರೋ ಅಂದಿದ್ದರೆ ಜನ ಬಿಟ್ಟುಬಿಡುತ್ತಿದ್ದರೇನೋ. ಒಡಹುಟ್ಟಿದ ಅಣ್ಣನೇ ಅಂದ ಮೇಲೆ! ಅದೇ ವರ್ಷ ನೀನು ಇಟ್ಟ ಯಾರ ಮನೆಯದೋ ಮೊಟ್ಟೆಗಳು ಕೆಟ್ಟವು. ಮೊಟ್ಟೆ ಹಿಂದೆಯೂ ಕೆಟ್ಟದ್ದುಂಟು, ಆಗ ಕೋಳಿಯನ್ನು ಬೈಯುತ್ತಿದ್ದರು. ಈಗ ನಿನ್ನನ್ನು ಕರೆಯುವುದು ಬಿಟ್ಟರು. ಅಪರೂಪಕ್ಕೆ ಕರೆದವರ ಮನೆಗೂ ಹೋಗುವುದನ್ನು ನೀನೇ ಬಿಟ್ಟೆ. ಮತ್ತೆ ನಾಯಿ ಸಾಕಲಿಲ್ಲ. ನಿನ್ನ ಮನೆಯ ಮೊದಲ ಹಿಡಿ ಬೀಜವನ್ನೂ ಬೇರೆಯವರ ಕೈಯಿಂದ ಹಾಕಿಸುತ್ತೀಯೆಂದು ಕೇಳಿದಾಗ ನಾನು ವಾರ್ನಿಷ್ ಡಬ್ಬಿ ತೆರೆದು ಕೆಲಸಕ್ಕೆ ಕೂತೆ. ಮರೆಯುವುದು ನನಗೆ ಸುಲಭವಾಗಿತ್ತು, ಹಾಲಮ್ಮ. ಅದು ಹೇಳಲು ಇನ್ನೂ ಹೆಚ್ಚು ನಾಚಿಕೆ.

ಈಗಲೂ ಅಂಗಡಿಗೆ ಬಂದವರು ಕೇಳುತ್ತಾರೆ — ಜಾತಿ ನಾಯಿ ಗಟ್ಟಿಯೋ, ಬೆರಕೆ ಗಟ್ಟಿಯೋ ಎಂದು. ಬೆರಕೆಯೇ ಗಟ್ಟಿ ಎಂದು ಬಾಯಿ ತುಂಬ ಹೇಳಿ ಪಾಪ ಕಳೆದುಕೊಳ್ಳಬಹುದಿತ್ತು. ಅದೂ ಪೂರ್ತಿ ನಿಜವಲ್ಲ. ಕರಿಯನ ಜೊತೆ ಹುಟ್ಟಿದ ಇನ್ನೊಂದು ಮರಿ ಚಹಾ ಅಂಗಡಿಯ ಮುಂದೆಯೇ ರಕ್ತಭೇದಿ ಆಗಿ ಸತ್ತಿತು. ಆ ರೋಗ ಜಾತಿ ಕೇಳಲಿಲ್ಲ. ದೂರದ ಹೆಣ್ಣು ತಂದು ಕೂಡಿಸಿದ ಮುಧೋಳ ನಾಯಿಗಳು ಮುಪ್ಪಿನವರೆಗೂ ಓಡಿದ್ದನ್ನು ಕಂಡಿದ್ದೇನೆ. ಹೊರಗಿನ ರಕ್ತ ಬೆರೆತರೆ ಒಳಗಿನ ದೋಷ ಅಷ್ಟು ಸುಲಭಕ್ಕೆ ತಲೆ ಎತ್ತದು, ಬೆರಕೆಗಳಿಗೆ ಆ ಅನುಕೂಲ ಹೆಚ್ಚು — ಡಾಕ್ಟರ ಮಾತಿನ ಅರ್ಥ ಇಷ್ಟೇ. ಹಾಗಾಗಿ ಮುಧೋಳ ತಳಿಯನ್ನು ದೂರುವ ಹಕ್ಕೂ ನನಗಿಲ್ಲ. ಸೂರಿಯನ್ನು ಕೆಡಿಸಿದ್ದು ನನ್ನ ಜಂಬ. ಗುಳಿಗೆ ಸಿಗದಂತೆ ಮಾಡಿದ್ದು ನನ್ನ ಬಾಯಿ.

ಮೊನ್ನೆ ಚಿಗಟೇರಿಗೆ ಬಂದದ್ದು ಇದನ್ನು ಹೇಳಲೆಂದೇ. ನೀನು ಚಹಾ ಕೊಟ್ಟೆ, ಸುಮಾಳ ಬಾಣಂತನಕ್ಕೆಂದು ಮಾಡಿದ ಅಂಟಿನುಂಡೆ ಕಟ್ಟಿಕೊಟ್ಟೆ — "ಅತ್ತಿಗಿ ಕೈಯಾಗ ಕೊಡು, ನಾ ಕಟ್ಟೀನಿ ಅನಬ್ಯಾಡ" ಅಂದೆ. ನಾನೋ, ನಿಮ್ಮ ಬೋರಿನ ಮೋಟಾರು ಶಬ್ದ ಮಾಡುತ್ತಿದೆ, ಬೇರಿಂಗ್ ನೋಡಬೇಕು ಎಂದು ಏನೇನೋ ಆಡಿ ಎದ್ದು ಬಂದೆ.

ದಾರಿಯಲ್ಲಿ ತಿಳಿಯಿತು, ನಿನ್ನೊಬ್ಬಳಿಗೆ ಹೇಳಿದರೆ ಸಾಲದು. ಕೆಡಿಸಿದ್ದು ಕಟ್ಟೆಯ ಮೇಲೆ, ಒಳಮನೆಯಲ್ಲಿ ಕೂತು ಸರಿ ಮಾಡಲಾಗದು. ನಾಳೆ ಬೀರಪ್ಪ ಕುರಿ ಬಿಡುವ ಮುಂಚೆ ಬರುತ್ತೇನೆ. ಅವನ ಕರಿಯ ಈಗ ಮೂತಿ ಬೆಳ್ಳಗಾಗಿ ಕುರಿಯ ಹಿಂದೆ ನಿಧಾನಕ್ಕೆ ನಡೆಯುತ್ತದೆ, ಅದೂ ಇರಲಿ. ಅದೇ ಕಟ್ಟೆ, ಅದೇ ಜನ. ಸೂರಿಯ ತಾಯಿ ಯಾರು, ತಂದೆ ಯಾರು, ಡಾಕ್ಟರು ಏನೆಂದರು, ನಾನು ಫೋನಿನಲ್ಲಿ ಏನೆಂದೆ — ಎಲ್ಲ ಹೇಳುತ್ತೇನೆ. ನೀನು ನನ್ನನ್ನು ಕ್ಷಮಿಸಬೇಕೆಂದು ಕೇಳುವುದಿಲ್ಲ. ಬಾಗಿಲು ಮುಚ್ಚಿಕೊಂಡರೂ ಸರಿಯೇ.

ಕಡೆಗೆ ಇನ್ನೊಂದು ಮಾತಿದೆ. ಇದು ನನಗೊಬ್ಬನಿಗೇ ಗೊತ್ತಿರುವುದು, ಇಷ್ಟು ವರ್ಷ ನಾನು ನಿನ್ನಿಂದ ಕದ್ದಿಟ್ಟುಕೊಂಡದ್ದು. ಚೆಲುವಿ ಈದ ಉಳಿದ ಮರಿಗಳಲ್ಲಿ ಒಂದೂ ಒಂದು ಮಳೆಗಾಲ ದಾಟಲಿಲ್ಲ. ಗುಳಿಗೆಯಿಲ್ಲದೆ, ಬರೀ ತೊಡೆಯ ಆಸರೆಯಲ್ಲಿ, ಎರಡನೆಯ ಮಳೆಗಾಲ ಕಂಡದ್ದು ಸೂರಿ ಒಂದೇ. ಅದು ನಿನ್ನ ಕೈಗುಣ, ಹಾಲಮ್ಮ. ಇದನ್ನೂ ಅಲ್ಲೇ, ಬೀರಪ್ಪನ ಮುಂದೆ ಹೇಳುತ್ತೇನೆ.