ಮುಂತಹಾ ಬರೆದ ಚೀಟಿ

ಮುಂತಹಾಳ ಸಿಟ್ಟು ಊರಿಗೆಲ್ಲ ಗೊತ್ತು. ದಕ್ಷಿಣ ಲೆಬನಾನಿನ ಆ ಬೆಟ್ಟದೂರಿನಲ್ಲಿ ಮೂವತ್ತು ವರ್ಷದಿಂದ ಕಹಿಕಿತ್ತಳೆಯ ಹೂವನ್ನು ತಾಮ್ರದ ಹಂಡೆಗೆ ಹಾಕಿ ಹೂನೀರು ಇಳಿಸುತ್ತಿದ್ದ ವಿಧವೆ ಅವಳು. ಮದುವೆಯ ಸಿಹಿಗೂ ಸಾವಿನ ಮನೆಯ ಕಾಫಿಗೂ ಅವಳ ಸೀಸೆಯೇ ಆಗಬೇಕು. ಹೂವಿನ ಜೊತೆ ಒಂದು ಎಲೆ ಬಂದರೂ ತಂದವರ ಮುಂದೆಯೇ ಬುಟ್ಟಿ ಮಗುಚುತ್ತಿದ್ದಳು.

ಈ ವರ್ಷ ಮೊದಲ ಸೀಸೆ ಮೂಸಿದಾಗ ಕೊಳೆತ ನಾತ ಬಂತು. ಪುರಸಭೆಯ ಅಧ್ಯಕ್ಷ ಫಾರೆಸ್ ಪೇಟೆಯ ಕಸವನ್ನೆಲ್ಲ ಲಾರಿಗಳಲ್ಲಿ ತರಿಸಿ, ಅವಳ ಹಂಡೆಗೂ ನೀರು ಕೊಡುವ ಊರಿನ ಒರತೆಯ ತಲೆಯ ಮೇಲೆಯೇ ಸುರಿಸುತ್ತಿದ್ದ.

ಅವಳ ಅಂಗಳದಲ್ಲಿ ಹೂ ಬಿಡಿಸಲು ಕೂತವರೆಲ್ಲ ಅವನಿಗೆ ಹಿಡಿಶಾಪ ಹಾಕಿದರು. ಕಸ ನಿಲ್ಲಿಸುತ್ತೇನೆಂದು ನಖ್ಲೆ ಮೇಷ್ಟ್ರು ಚುನಾವಣೆಗೆ ನಿಂತರು. "ಮೇಷ್ಟ್ರಿಗೇ ಹಾಕ್ತೀವಕ್ಕ, ಮಾತೆ ಮರಿಯಮ್ಮನಾಣೆ!" ಎಂದು ನಲವತ್ತು ಬಾಯಿ ಆಣೆ ಹಾಕಿದವು.

ಅಲ್ಲಿ ಓಟಿನ ಚೀಟಿಯನ್ನು ಸರ್ಕಾರ ಅಚ್ಚು ಹಾಕಿಸಿ ಕೊಡುವುದಿಲ್ಲ, ಹೆಸರು ನಾವೇ ಬರೆದು ತರಬೇಕು. ಆ ಕಷ್ಟ ಜನಕ್ಕೆ ಯಾಕೆಂದು ಫಾರೆಸನ ಆಳು ತನ್ನೂಸ್ ಮನೆಮನೆಗೆ ಬರೆದ ಚೀಟಿ ಹಂಚಿದ. ಎಲ್ಲದರಲ್ಲೂ ಪುರಸಭೆಯ ಒಂಬತ್ತು ಸ್ಥಾನಕ್ಕೆ ಫಾರೆಸನ ಕಡೆಯ ಅದೇ ಒಂಬತ್ತು ಹೆಸರು, ಆದರೆ ಮನೆಗೊಂದು ಕ್ರಮ. ಎಣಿಕೆಯಲ್ಲಿ ಚೀಟಿಗಳನ್ನು ಗಟ್ಟಿಯಾಗಿ ಓದುವಾಗ ಯಾವ ಮನೆಯದು ಬಂತು, ಯಾವುದು ಬರಲಿಲ್ಲ ಎಂದು ಅವನು ಗೀಟು ಹಾಕಿಕೊಳ್ಳುತ್ತಾನೆ. ಊರಿಗೆ ಕರೆಂಟು ಕೊಡುವ ಜನರೇಟರು ಫಾರೆಸನದು. ಹೆಚ್ಚು ಹೇಳಬೇಕಿಲ್ಲ.

ಓಟಿನ ದಿನ ಪರದೆಯ ಹಿಂದೆ ಮುಂತಹಾ ಆ ಚೀಟಿಯನ್ನು ಜೇಬಿಗೆ ತುರುಕಿ, ಬೇರೆ ಕಾಗದದ ಮೇಲೆ ಒಂದೇ ಹೆಸರು ಬರೆದಳು.

ಶಾಲೆಯ ಕೋಣೆಯಲ್ಲಿ ಎಣಿಕೆ ನಡೆಯಿತು. ಜ್ವರವೆಂದು ಮೇಷ್ಟ್ರು ಬಂದಿರಲಿಲ್ಲ. ಕೊನೆಯ ಚೀಟಿ ಓದಿ ಮುಗಿಸುವಷ್ಟರಲ್ಲಿ ಅವರ ಹೆಸರು ಕೇಳಿಸಿದ್ದು ಎರಡೇ ಸಲ. ಒಂದು ಅವರದೇ ಓಟು. ತನ್ನೂಸ್ ಪಟ್ಟಿಯಿಂದ ತಲೆಯೆತ್ತಿ ಮುಂತಹಾಳ ಕಡೆ ನೋಡಿ ನಕ್ಕ.

"ನನ್ನಂಗಳದಲ್ಲಿ ಆಣೆ ಹಾಕಿದ ಬಾಯಿಗಳೆಲ್ಲ ಎಲ್ಲಿ ಹೋದ್ವು?" ಅವಳು ಎದ್ದು ನಿಂತಳು. "ಕಸ ಸುರಿದೋನು ಅವನೊಬ್ಬನೇ ಅಂದ್ಕೊಂಡಿದ್ದೆ. ಗುದ್ದಲಿ ಹಿಡಿದು ದಾರಿ ಮಾಡ್ಕೊಟ್ಟೋರು ನೀವು! ಪರದೆ ಹಿಂದೆ ನಿಮ್ಮ ಕೈ ಹಿಡ್ಕೊಂಡೋರು ಯಾರಿದ್ರು?"

"ಹೂವಿನ ಹಬೆ ಅಕ್ಕನ ತಲೆಗೇರಿದೆ" ಎಂದ ಯಾರೋ. ಜನ ನಕ್ಕರು. ಸೋತದ್ದಕ್ಕಿಂತ ಆ ನಗುವೇ ಅವಳಿಗೆ ಉರಿಯಿತು.

ಸಂಜೆಯಾಗುವ ಮೊದಲೇ ತನ್ನೂಸ್ ಕಂಬ ಹತ್ತಿ ಅವಳ ಮನೆಯ ತಂತಿ ಕತ್ತರಿಸಿದ.

ಮರುದಿನ ಮೇಷ್ಟ್ರ ಹೆಂಡತಿ ಅಫೀಫೆ ಖಾಲಿ ಸೀಸೆ ಹಿಡಿದು ಬಂದಳು. ಹೂನೀರು ನೆಪ. ಕೂತವಳೇ ಅಂಗೈಯಿಂದ ಕಣ್ಣೊರೆಸಿಕೊಂಡಳು.

"ಎರಡು ಓಟು ಅಂತ ಕೇಳಿದ ಕೂಡ್ಲೇ ಅವರು ನನ್ನ ಕೈ ಹಿಡ್ಕೊಂಡು ಅತ್ತುಬಿಟ್ರಕ್ಕ. 'ನೀನೊಬ್ಬಳಾದ್ರೂ ನನಗೆ ಹಾಕಿದೆಯಲ್ಲ' ಅಂದ್ರು."

"ನೀನು ಹಾಕಿದ್ಯಾ?"

"ಅವರಿಲ್ಲದ ಹೊತ್ತಲ್ಲಿ ತನ್ನೂಸ್ ಬಂದು ನನಗೂ ಚೀಟಿ ಕೊಟ್ಟುಹೋಗಿದ್ದ. ಭಯ ಆಯ್ತು. ಆ ಎರಡನೇ ಓಟು ನಂದೇ ಅಂದ್ಕೊಂಡಿರ್ಲಿ, ನಿನ್ನ ತಂತಿ ಕತ್ತರಿಸಿದ್ದು ಬೇರೆ ಯಾವುದಕ್ಕೋ ಅಂತ ಅವರಿಗೆ ಹೇಳಕ್ಕ. ಅವರ ಮನಸ್ಸು ಮುರೀಬೇಡ."

ಇಡೀ ಊರಿನಲ್ಲಿ ಮುಂತಹಾಳದೆಂದು ಉಳಿದಿದ್ದುದು ಆ ಒಂದು ಓಟು. ಅದನ್ನೂ ಕೇಳಲು ಬಂದಿದ್ದಳು ಅಫೀಫೆ, ಅದೂ ಅಳುತ್ತಾ.

ಮುಂತಹಾ ಒಳಗೆ ಹೋಗಿ, ಆ ನಾರುವ ಮೊದಲ ಸೀಸೆಯನ್ನು ತಂದು ಅಫೀಫೆಯ ಸೀಸೆಗೆ ಕಂಠದವರೆಗೂ ಸುರಿದಳು.

"ಇವತ್ತು ಮೇಷ್ಟ್ರ ಕಾಫಿಗೆ ಇದನ್ನೇ ಹಾಕು. ಯಾಕೆ ನಾರ್ತಿದೆ ಅಂತ ಕೇಳೇ ಕೇಳ್ತಾರೆ. ನೀನೇ ಹೇಳು."