ಒಂದು ಗೇಣಿನ ಅಂತರ

ಮಮದಾಪುರಕ್ಕೆ ಬಂದ ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದೆ. ಗೋಕಾಕದ ಕಡೆಯಿಂದ ಒಬ್ಬ ಮನುಷ್ಯ ಮುಖಕ್ಕೆ ಟವೆಲ್ ಸುತ್ತಿಕೊಂಡು ಮೋಟಾರ್ ಬೈಕಿನಲ್ಲಿ ಬರುತ್ತಿದ್ದ. ಅವನ ಹಿಂದೆಯೇ, ಬೈಕಿನ ಚಕ್ರಕ್ಕೆ ಇನ್ನೇನು ತಾಗಿಯೇ ಬಿಟ್ಟಳು ಎನ್ನುವಷ್ಟು ಹತ್ತಿರದಲ್ಲಿ, ಹದಿನಾರರ ಒಬ್ಬ ಹುಡುಗಿ ತಲೆ ತಗ್ಗಿಸಿ ಸೈಕಲ್ ತುಳಿಯುತ್ತಿದ್ದಳು. ಸೈಕಲ್ ಅಷ್ಟು ವೇಗವಾಗಿ ಹೋಗುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವನು ಏನೋ ಕದ್ದು ಓಡುತ್ತಿದ್ದಾನೆ, ಇವಳು ಹಿಡಿಯಲು ಹೊರಟಿದ್ದಾಳೆ ಎಂದುಕೊಂಡು, ಬಾಯಿ ತುಂಬ ನೊರೆ ಇಟ್ಟುಕೊಂಡೇ "ಹಿಡೀರಿ, ಹಿಡೀರಿ" ಎಂದು ಕೂಗಿದೆ. ಎದುರುಮನೆಯಲ್ಲಿ ಎಮ್ಮೆ ಹಿಂಡುತ್ತಿದ್ದ ಹೆಂಗಸು ತಿರುಗಿ ನೋಡಿ ನಕ್ಕಳು. ಬೈಕು ನಮ್ಮ ಬಾಗಿಲಲ್ಲೇ ನಿಂತಿತು. ಟವೆಲ್ ತೆಗೆದರೆ ನಮ್ಮ ಮನೆಯ ಮಾಲೀಕ ಶಿವಪುತ್ರಪ್ಪ. ಹುಡುಗಿ ಅವರ ಮಗಳು ರೂಪಾ.

ಕೊಳ್ಳೇಗಾಲದ ನಮ್ಮವರು ಈಗಲೂ ಕೇಳುತ್ತಾರೆ, "ಆ ಕಡೆ ಹೆಂಗಿದ್ದೆ ಮಾದೇಶ?" ಎಂದು. ಬಿಸಿಲು, ರೊಟ್ಟಿ ಎಂದು ಏನೋ ಹೇಳಿ ಮಾತು ಮುಗಿಸುತ್ತೇನೆ. ಪೂರ್ತಿ ಹೇಳುವುದು ಇದೇ ಮೊದಲು.

ಲೈನ್‌ಮ್ಯಾನ್ ಕೆಲಸ ಸಿಕ್ಕಿ, ತರಬೇತಿಗೆಂದು ಗೋಕಾಕಕ್ಕೆ ಹಾಕಿದ್ದರು. ಹೆಂಡತಿ ಮಂಗಳ, ನಾಲ್ಕು ವರ್ಷದ ಮಗಳು ಚಿನ್ನು, ಒಂದು ಚೀಲ ರಾಗಿ ಹಿಟ್ಟು, ಇಷ್ಟನ್ನು ಕಟ್ಟಿಕೊಂಡು ನಾಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಬಂದೆವು. ಗೋಕಾಕದಲ್ಲಿ ಮನೆ ಸಿಗದೆ ಮಮದಾಪುರದಲ್ಲಿ ಎರಡು ಖೋಲಿ ಹಿಡಿದೆ. ಖೋಲಿ ಎಂದರೆ ಕೋಣೆ. ನಮ್ಮಲ್ಲಿ ಬಾಡಿಗೆಯವನಿಗೂ ಮಾಲೀಕನಿಗೂ ನಡುವೆ ಗೋಡೆ ಇರುತ್ತದೆ. ಇಲ್ಲಿ ಒಂದು ಬಾಗಿಲಿತ್ತು, ಅದಕ್ಕೆ ಅಗುಳಿ ಇರಲಿಲ್ಲ. ಶಿವಪುತ್ರಪ್ಪನವರ ಹೆಂಡತಿ ಮಾದೇವಕ್ಕ ಅದನ್ನು ತಳ್ಳಿಕೊಂಡು ಬಂದು, ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಇಟ್ಟು ಹೋಗುತ್ತಿದ್ದರು. ಮಂಗಳ ಪ್ರತಿಯಾಗಿ ಮುದ್ದೆ ಮಾಡಿ ಕೊಟ್ಟಳು. ಶಿವಪುತ್ರಪ್ಪನವರು ಅದನ್ನು ಬೆರಳಲ್ಲಿ ಒತ್ತಿ ನೋಡಿ, "ಇದನ್ನ ಅಗೀಬೇಕೋ ನುಂಗಬೇಕೋ, ಅದನ್ನರೆ ಹೇಳ್ರಿ" ಎಂದರು. ನುಂಗಬೇಕು ಎಂದಾಗ ಕಣ್ಣು ಮುಚ್ಚಿಕೊಂಡು ನುಂಗಿದರು. ಮಂಗಳ ರೊಟ್ಟಿ ಬಡಿಯುವುದನ್ನು ಕಲಿಯಲು ಒಂದು ತಿಂಗಳು ಹಿಡಿಯಿತು. ಮೊದಲ ದುಂಡನೆಯ ರೊಟ್ಟಿಯನ್ನು ಚಿನ್ನು ಬೀದಿಯವರಿಗೆಲ್ಲ ತೋರಿಸಿಕೊಂಡು ಬಂದಳು.

ಆ ಮನೆಯಲ್ಲಿ ಎಲ್ಲವೂ ರೂಪಾಳ ಸೈಕಲ್ಲಿನ ಸುತ್ತ ತಿರುಗುತ್ತಿತ್ತು. ಮೇ ಕೊನೆಗೆ ವಿಜಯಪುರದಲ್ಲಿ ಕ್ರೀಡಾ ವಸತಿನಿಲಯಕ್ಕೆ ಹುಡುಗಿಯರನ್ನು ಆರಿಸುವುದಿತ್ತು. ಆಯ್ಕೆಯಾದರೆ ಊಟ, ಓದು, ಒಳ್ಳೆಯ ಸೈಕಲ್ಲು, ಕಲಿಸುವ ಗುರುಗಳು ಎಲ್ಲ ಅಲ್ಲೇ. ಅವಳ ವಯಸ್ಸಿನವರಿಗೆ ಅದೇ ಕೊನೆಯ ಅವಕಾಶ. ನಮ್ಮೂರಲ್ಲಿ ಆಟ ಎಂದರೆ ನಾನು ಟಿ.ವಿ.ಯ ಮುಂದೆ ಕಾಲು ಚಾಚಿಕೊಂಡು ಕ್ರಿಕೆಟ್ ಆಟಗಾರರನ್ನು ಬೈಯುವುದು. ಇಲ್ಲಿ ಒಂದು ಭಾನುವಾರ ಮೂಡಲಗಿಯ ಹತ್ತಿರ ಸೈಕಲ್ ಸ್ಪರ್ಧೆ ಇದೆಯೆಂದು ಎರಡೂ ಸಂಸಾರ ಬುತ್ತಿ ಕಟ್ಟಿಕೊಂಡು ಹೋದೆವು. ರಸ್ತೆಯ ಎರಡೂ ಬದಿಗೆ ಕೊಡ, ಬಕೆಟ್ ಹಿಡಿದು ನಿಂತ ಜನ, ಹಾದು ಹೋಗುವ ಹುಡುಗ ಹುಡುಗಿಯರ ಮೇಲೆ ನೀರು ಎರಚುತ್ತಿದ್ದರು. ರೂಪಾ ಎರಡನೆಯವಳಾಗಿ ಬಂದು, ಸೈಕಲ್ಲಿನಿಂದ ಇಳಿದವಳೇ ನಿಲ್ಲಲಾಗದೆ ಮಂಗಳಳ ಭುಜ ಹಿಡಿದುಕೊಂಡಳು. ಅವಳ ತೊಡೆಗಳು ನಡುಗುತ್ತಿದ್ದವು. ಅಂದಿನಿಂದ ನನಗೆ ಕ್ರಿಕೆಟ್ ನೆನಪಾಗಲಿಲ್ಲ. ಬೆಳಿಗ್ಗೆ ಎದ್ದರೆ, ನಿನ್ನೆಗಿಂತ ಇವತ್ತು ಎಷ್ಟು ಬೇಗ ಬಂದಳು ಎಂಬುದೇ ಮಾತು.

ನನ್ನ ಬಗ್ಗೆ ಒಂದು ಮಾತು ಹೇಳಬೇಕು. ಎಲ್ಲರ ಬಾಯಲ್ಲೂ ಒಳ್ಳೆಯವನೆನಿಸಿಕೊಳ್ಳಬೇಕೆಂಬ ಚಪಲ ನನಗೆ ಚಿಕ್ಕಂದಿನಿಂದಲೂ ಇದೆ. ಹಾಗಿದ್ದೂ ಮೊದಲ ವಾರಗಳಲ್ಲಿ ಮಮದಾಪುರದಲ್ಲಿ ನನಗೆ ಸೊಕ್ಕಿನವನೆಂಬ ಹೆಸರು ಬಂತು. ನಮ್ಮ ಕಡೆ ಗುರುತಿಲ್ಲದವರನ್ನು ಕಂಡರೆ ಸುಮ್ಮನೆ ಹೋಗುವುದು ಮರ್ಯಾದೆ. ಇಲ್ಲಿ ಹಾಗೆ ಹೋದರೆ ಅವಮರ್ಯಾದೆ. ಕ್ರಾಸಿನ ಚಹಾದಂಗಡಿಯ ಬೆಂಚಿನ ಮೇಲೆ ದಿನವೂ ಕೂರುತ್ತಿದ್ದ ಸತ್ಯಪ್ಪಜ್ಜ ಒಂದು ದಿನ ನನ್ನ ಬೈಕಿಗೆ ಕೋಲು ಅಡ್ಡ ಹಿಡಿದು ನಿಲ್ಲಿಸಿದರು.

"ಏನ್ರಿ ಸಾಹೇಬ್ರ, ಕಂಬ ಕಂಡ್ರ ನಿಂತು ಮ್ಯಾಲ ಕೆಳಗ ನೋಡ್ತೀರಿ. ಮನಿಶಾ ಕಂಡ್ರ ಹಂಗ ಹೊಕ್ಕೀರಲ್ಲ? ನಾವೇನು ಕಂಬಕ್ಕಿಂತ ಕಡಿಮಿ ಏನ್ರಿ?"

ಅಂಗಡಿಯವರೆಲ್ಲ ನಕ್ಕರು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಮರುದಿನ ಎಡಗೈ ಎತ್ತಿದೆ, ಬಲಗೈ ಎಕ್ಸಿಲೇಟರ್ ಮೇಲಿತ್ತಲ್ಲ. ಅಜ್ಜ ಮುಖ ತಿರುಗಿಸಿದರು. ಎಡಗೈಯಲ್ಲಿ ಯಾರಾದರೂ ಶರಣು ಹೇಳುತ್ತಾರೆಯೇ ಎಂದು ಮಾದೇವಕ್ಕ ಬೈದರು. ಆಮೇಲೆ ಬಲಗೈ ಎತ್ತಿ "ಶರಣ್ರಿ ಅಜ್ಜಾರ" ಎನ್ನುವುದು ರೂಢಿಯಾಯಿತು. ಅಜ್ಜ "ಶರಣ್ರಿ, ಬರ್ರಿ, ಚಾ ಕುಡದ ಹೋಗ್ರಿ" ಎನ್ನುತ್ತಿದ್ದರು. ಯುಗಾದಿ ಕಳೆಯುವ ಹೊತ್ತಿಗೆ ಅಂಗಡಿ, ಗಿರಣಿ, ಹೊಲದ ದಾರಿ, ಎಲ್ಲಿ ಹೋದರೂ ನನ್ನ ಕೈ ತಾನಾಗಿ ಮೇಲೇಳುತ್ತಿತ್ತು. "ಬಿಡಿ, ನೀವು ಈ ಊರೋರೇ ಆಗೋಗ್ಬುಟ್ರಿ" ಎಂದು ಮಂಗಳ ಛೇಡಿಸಿದಳು. ಆ ಮಾತು ಕೇಳಿ ನನಗೆ ಆದ ಹೆಮ್ಮೆಯನ್ನು ಅವಳಿಗೆ ತೋರಿಸಲಿಲ್ಲ.

ಏಪ್ರಿಲ್ ಕೊನೆಗೆ ಶಿವಪುತ್ರಪ್ಪನವರ ಕಣ್ಣಿನ ಪೊರೆ ತೆಗೆದರು. ನಲವತ್ತು ದಿನ ಗಾಳಿ, ಧೂಳು ತಾಗಬಾರದು ಎಂದರು ಡಾಕ್ಟರು. ಮಗಳ ಮುಂದೆ ಬೈಕ್ ಓಡಿಸುವವರು ಯಾರು? ಬೈಕು ಗಾಳಿಯನ್ನು ಸೀಳಿಕೊಂಡು ಹೋದರೆ ಹಿಂದಿರುವವರಿಗೆ ಗಾಳಿಯ ತಡೆ ಕಡಿಮೆ, ಕಾಲಿಗೆ ವೇಗದ ರೂಢಿಯಾಗುತ್ತದೆ. ಅವರು ನನ್ನನ್ನು ಕೇಳಿದರು. ಬೇರೆ ಯಾರನ್ನೂ ಕೇಳದೆ ನನ್ನನ್ನು ಕೇಳಿದರು ಎಂದು ನಾನು ಉಬ್ಬಿಹೋದೆ.

ಒಂದು ಸಂಜೆ ಅಂಗಳದಲ್ಲಿ ಕೂರಿಸಿಕೊಂಡು ಪಾಠ ಹೇಳಿದರು. "ನಿಮ್ಮ ಗಾಡಿಗೂ ಆಕಿ ಸೈಕಲ್‌ಗೂ ನಡುವ ಒಂದ ಗೇಣ ಅಂತರ ಇರತೈತ್ರಿ. ಬ್ರೇಕ್ ಹಾಕೂದಿಲ್ಲ. ಎಕ್ಸಿಲೇಟರ್ ಮ್ಯಾಲಿನ ಕೈ ತಗಿಯೂದಿಲ್ಲ. ನಿಂದರೂದಿದ್ರ ಎಡಗೈ ಎತ್ರಿ, ಆಕಿ ಹಿಂದ ಸರೀತಾಳ. ರಸ್ತಾದಾಗ ಯಾರನ್ನೂ ಮಾತಾಡಸಬ್ಯಾಡ್ರಿ. ಗಾಡಿ ಹಿಂದ ಸೈಕಲ್ ಇದ್ರ ಊರ ಮಂದೀನೂ ಮಾತಾಡಸೂದಿಲ್ಲ, ಅವರಿಗೆ ಗೊತ್ತೈತಿ."

ಹದಿನೈದು ದಿನ ಎಲ್ಲ ಚೆನ್ನಾಗಿತ್ತು. ಬೆಳಿಗ್ಗೆ ರೂಪಾಳ ಜೊತೆ ರಸ್ತೆ, ಆಮೇಲೆ ಗೋಕಾಕದಲ್ಲಿ ಕಲ್ಲಪ್ಪಣ್ಣನ ಕೈಕೆಳಗೆ ಕಂಬ. ಕಲ್ಲಪ್ಪಣ್ಣ ನಮಗೆ ಕೆಲಸ ಕಲಿಸುತ್ತಿದ್ದ ಹಿರಿಯ ಲೈನ್‌ಮ್ಯಾನ್. ಕಂಬ ಹತ್ತಿ ಇಳಿದು ಮನೆಗೆ ಬಂದರೆ ರೂಪಾ "ಕಾಕಾ, ಇವತ್ತ ಚಲೋ ಓಡಿಸಿದ್ರಿ, ಒಂಚೂರೂ ಹಿಂದ ಮುಂದ ಆಗಲಿಲ್ಲ" ಎನ್ನುತ್ತಿದ್ದಳು. ಕಾಕಾ ಎಂದರೆ ಚಿಕ್ಕಪ್ಪ. ಸ್ವಂತ ಅಣ್ಣನ ಮಕ್ಕಳು ನನ್ನನ್ನು ಅಷ್ಟು ಪ್ರೀತಿಯಿಂದ ಕರೆದದ್ದು ನೆನಪಿಲ್ಲ.

ಆಯ್ಕೆಗೆ ಹತ್ತು ದಿನ ಉಳಿದಿತ್ತು. ಅಂದು ಬಿಸಿಲೇರುವ ಮುಂಚೆ ಊರ ಕಡೆಗೆ ಮರಳುತ್ತಿದ್ದೆವು, ಪೂರ್ತಿ ವೇಗದಲ್ಲಿ. ಚಹಾದಂಗಡಿ ಬಂತು. ಸತ್ಯಪ್ಪಜ್ಜ ದಡ್ಡಿ ಎಂಬ ಊರಿನಲ್ಲಿರುವ ಮಗಳ ಮನೆಗೆ ಹೋಗಿದ್ದವರು, ಮೂರು ವಾರದ ಮೇಲೆ ಅಂದೇ ಬೆಂಚಿನ ಮೇಲೆ ಕಂಡರು. ತಲೆ ಬಗ್ಗಿಸಿ ಕಪ್ಪಿನಿಂದ ಬಸಿಗೆ, ಎಂದರೆ ಸಾಸರಿಗೆ, ಚಹಾ ಸುರಿದುಕೊಳ್ಳುತ್ತಿದ್ದರು. ನನ್ನನ್ನು ಕರೆಯಲಿಲ್ಲ, ನನ್ನತ್ತ ನೋಡಲೂ ಇಲ್ಲ. ನನ್ನ ಬಲಗೈ ಎದ್ದುಬಿಟ್ಟಿತು.

ಎಕ್ಸಿಲೇಟರ್ ಬಿಟ್ಟರೆ ಬೈಕು ಹಿಂದಿನಿಂದ ಯಾರೋ ಎಳೆದ ಹಾಗೆ ನಿಧಾನವಾಗುತ್ತದೆ. ಚಕ್ರಕ್ಕೆ ಚಕ್ರ ತಾಗಿದ್ದು ಗೊತ್ತಾಯಿತು, ಆಮೇಲೆ ಡಾಂಬರಿನ ಮೇಲೆ ಸೈಕಲ್ ಜಾರಿದ ಸದ್ದು. ತಿರುಗಿ ನೋಡಿದರೆ ರೂಪಾ ರಸ್ತೆಯ ಅಂಚಿನಲ್ಲಿ ಒಂದು ಕೈಯಿಂದ ಇನ್ನೊಂದು ಹೆಗಲನ್ನು ಹಿಡಿದುಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ. ಅಂಗಡಿಯವರೆಲ್ಲ ಓಡಿ ಬಂದರು. "ಏನಾತ್ರಿ? ಹೆಂಗ ಆತ್ರಿ?" ಎಂದರು.

"ನಾಯಿ ಅಡ್ಡ ಬಂತು" ಎಂದೆ.

ಆ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ, ಆಡಿದ್ದಂತೂ ನಾನೇ. ಅಂಗಡಿಯ ಹಿಂದೆ ಬೂದಿಯಲ್ಲಿ ಒಂದು ಕಂದು ನಾಯಿ ಮಲಗಿತ್ತು. ಯಾರೋ ಅದಕ್ಕೆ ಕಲ್ಲು ಬೀಸಿದರು. ಅದು ಕುಂಯ್ಗುಟ್ಟುತ್ತಾ ಒಂದು ಕಾಲೆತ್ತಿಕೊಂಡು ಓಡಿತು. ಸತ್ಯಪ್ಪಜ್ಜ ನನ್ನ ಬೆನ್ನು ಸವರಿ, "ನಿಮಗೇನೂ ಆಗಿಲ್ಲಲ್ರಿ?" ಎಂದು ಕೇಳಿದರು.

ಹೆಗಲಿನ ಮುಂಭಾಗದ ಮೂಳೆ ಮುರಿದಿತ್ತು. ಆರು ವಾರ ಕೈ ಅಲುಗಿಸಬಾರದು ಎಂದರು. ಆಸ್ಪತ್ರೆಯ ಜಗಲಿಯಲ್ಲಿ ಶಿವಪುತ್ರಪ್ಪನವರು ಕಪ್ಪು ಕನ್ನಡಕ ತೆಗೆದು, ಒರೆಸಬಾರದ ಕಣ್ಣನ್ನು ಒರೆಸಿಕೊಂಡರು. ನಾನು ತಲೆ ತಗ್ಗಿಸಿ ನಿಂತಿದ್ದೆ. "ನಾಯಿ ಬಂದ್ರ ನೀವರೆ ಏನ್ ಮಾಡ್ತೀರ್ರಿ ಮಾದೇಶ?" ಎಂದರು. "ನಾ ಇದ್ರೂ ಹಿಂಗ ಆಕ್ಕಿತ್ತು." ಆಗಲೇ ಹೇಳಬೇಕಿತ್ತು. ಹೇಳಲು ಬೇಕಾದ ಎರಡು ಮಾತು ಬಾಯಲ್ಲೇ ಇತ್ತು, ನುಂಗಿಕೊಂಡೆ. ಅಂದು ರಾತ್ರಿ ಊಟಕ್ಕೆ ಮಾದೇವಕ್ಕ ಮೊದಲು ನನಗೇ ಬಡಿಸಿದರು.

ಆಯ್ಕೆಯ ದಿನ ರೂಪಾ ಕಟ್ಟು ಹಾಕಿದ ಕೈಯೊಂದಿಗೆ ಚಿನ್ನುವಿಗೆ ಅಕ್ಷರ ಬರೆಯಿಸುತ್ತಾ ಕೂತಿದ್ದಳು. ಮಧ್ಯಾಹ್ನದ ಹೊತ್ತಿಗೆ ಎದ್ದು ಹೋಗಿ, ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಮೇಲೆ ಹಳೆಯ ಸೀರೆ ಹೊದಿಸಿ ಬಂದಳು. ಆಮೇಲೆ ಮನೆಯಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ಯಾರಾದರೂ "ಹೆಗಲು" ಎಂದರೂ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಮಾತಿದೆಯಲ್ಲ, ಅದೇ ನನ್ನ ಪಾಡು.

ಅದೇ ವಾರ ಹುಕ್ಕೇರಿ ಕಡೆ ಗಾಳಿಮಳೆಗೆ ಕಂಬಗಳು ಉರುಳಿ, ನಮ್ಮನ್ನೆಲ್ಲ ದಡ್ಡಿಗೆ ಕಳಿಸಿದರು. ನಮ್ಮ ಕೆಲಸದಲ್ಲಿ ಲೈನ್ ಕ್ಲಿಯರ್ ಎಂಬುದೊಂದಿದೆ. ವಿದ್ಯುತ್ ನಿಲ್ಲಿಸಿದ್ದೇವೆ, ಯಾರೂ ಮತ್ತೆ ಹರಿಸುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಕಂಬ ಹತ್ತಬೇಕು. ನನ್ನ ಜೊತೆ ಕಲಿಯುತ್ತಿದ್ದವನೊಬ್ಬ ಅದನ್ನು ಕೇಳದೆಯೇ ಕೇಳಿದ್ದೇನೆ ಎಂದ. ಕಲ್ಲಪ್ಪಣ್ಣ ಅವನನ್ನು ಕೆಳಗಿಳಿಸಿ ಎಲ್ಲರೆದುರು ಹೇಳಿದ:

"ತಪ್ಪು ಎಲ್ಲಾರೂ ಮಾಡ್ತೀವಿ. ನಾನೂ ಮಾಡೇನಿ. ಮಾಡಿದ ಕೂಡ್ಲೆ ಹೇಳಿಬಿಡ್ರಿ. ನೀವು ಮುಚ್ಚಿಟ್ಟಿದ್ದರ ಮ್ಯಾಲ ಇನ್ನೊಬ್ಬಾಂವ ನಂಬಿ ಕೈ ಇಡತಾನ."

ಅವನು ಹೇಳಿದ್ದು ತಂತಿಯ ವಿಷಯ. ಆದರೆ ಅಂದು ಬಸ್ಸಿನಲ್ಲಿ ಬರುವಾಗ ಪೂರ್ತಿ ದಾರಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೂತಿದ್ದೆ.

ತರಬೇತಿ ಮುಗಿದ ಮೇಲೆ ಗೋಕಾಕದಲ್ಲೇ ಉಳಿಯುತ್ತೇನೆ ಎಂದು ಏಪ್ರಿಲ್‌ನಲ್ಲಿ ಎಲ್ಲರಿಗೂ ಹೇಳಿದ್ದೆ. ಜಾಗ ಖಾಲಿ ಇತ್ತು, ಕಲ್ಲಪ್ಪಣ್ಣನೂ ಮಾತಾಡಿದ್ದ. ಈಗ ಯಾರಿಗೂ ತಿಳಿಸದೆ, ಮನೆಯಲ್ಲಿ ವಯಸ್ಸಾದವರಿದ್ದಾರೆ ಎಂದು ಬರೆದುಕೊಟ್ಟು ಊರ ಕಡೆಗೆ ಹಾಕಿಕೊಡಲು ಕೇಳಿದೆ. ಜೂನ್‌ನಲ್ಲಿ ಆದೇಶ ಬಂತು. ಮಂಗಳ ಎರಡು ದಿನ ಮಾತು ಬಿಟ್ಟಳು. ಅವಳ ರೊಟ್ಟಿ ಆಗಷ್ಟೇ ಮಾದೇವಕ್ಕನ ರೊಟ್ಟಿಯಷ್ಟು ತೆಳ್ಳಗಾಗಿತ್ತು.

ಹೊರಡುವ ದಿನ ಸಾಮಾನೆಲ್ಲ ಟೆಂಪೋಗೆ ಏರಿತ್ತು. ಗೋಕಾಕದ ಕಾಲೇಜಿಗೆ ಸೇರಿದ್ದ ರೂಪಾ ಚೀಲ ಹಾಕಿಕೊಂಡು ಬಸ್ಸಿಗೆ ಕಾಯುತ್ತಿದ್ದಳು. ಅವಳ ಬಳಿ ಹೋಗಿ ನಿಂತೆ.

"ರೂಪಾ, ಅವತ್ತು ನಾಯಿ ಬಂದಿರಲಿಲ್ಲ."

"ಗೊತ್ತೈತ್ರಿ ಕಾಕಾ."

ಅವಳು ಚೀಲದ ಪಟ್ಟಿ ಸರಿಮಾಡಿಕೊಂಡಳು.

"ನಿಮ್ಮ ಬಲಗೈ ಮ್ಯಾಲ ಹೋಗಿದ್ದು ನಾ ನೋಡೇನ್ರಿ. ಗಾಡಿ ಹಿಂದ ಇದ್ದಾಗ ನನಗ ನಿಮ್ಮ ಬೆನ್ನು, ನಿಮ್ಮ ಕೈ ಬಿಟ್ರ ಬ್ಯಾರೆ ಏನ್ ಕಾಣತೈತ್ರಿ?"

"ಮತ್ತೆ ಅಪ್ಪನಿಗೆ ಯಾಕಮ್ಮ ಹೇಳಲಿಲ್ಲ?"

"ಹೇಳಿದ್ರ ನೀವು ನಾಚಿಕಿ ಮಾಡ್ಕೊಂಡು ಮನಿ ಬಿಟ್ಟ ಹೊಕ್ಕೀರಿ ಅಂತ." ಅವಳು ಟೆಂಪೋದ ಕಡೆ ನೋಡಿದಳು. "ಹೇಳದಿದ್ರೂ ಹೊಂಟೀರಲ್ಲ."

ಬಸ್ಸು ಬಂತು, ಹತ್ತಿ ಹೋದಳು.

ಈಗ ಕೊಳ್ಳೇಗಾಲದ ಹತ್ತಿರ ನನ್ನದೇ ಊರಿನ ಕಂಬಗಳನ್ನು ಹತ್ತುತ್ತೇನೆ. ಮುದ್ದೆ ಇದೆ, ನಮ್ಮ ಮಾತಿದೆ, ತಾಯಿ ತಂದೆ ಪಕ್ಕದ ಬೀದಿಯಲ್ಲಿದ್ದಾರೆ. ಆದರೂ ಮನೆಯ ಹಿಂಬಾಗಿಲಿಗೆ ಅಗುಳಿ ಹಾಕುವಾಗ ಯಾರನ್ನೋ ಹೊರಗೆ ನಿಲ್ಲಿಸಿದಂತೆ ಅನಿಸುತ್ತದೆ. ಚಿನ್ನು ರೊಟ್ಟಿ ಕೇಳಿ ಅಳುತ್ತಾಳೆ. ಶಿವಪುತ್ರಪ್ಪನವರು ಭಾನುವಾರ ತಪ್ಪದೆ ಫೋನ್ ಮಾಡುತ್ತಾರೆ. "ನಿಮ್ಮ ಖೋಲಿ ಯಾರಿಗೂ ಕೊಟ್ಟಿಲ್ರಿ, ಹಂಗ ಐತಿ. ಯಾವಾಗ ಬರ್ತೀರಿ?" ಎನ್ನುತ್ತಾರೆ. ರಜೆ ಸಿಕ್ಕಿದರೆ ಬರುತ್ತೇನೆ ಎನ್ನುತ್ತೇನೆ. ರಜೆ ಸಿಗುತ್ತದೆ, ನಾನು ಹೋಗುವುದಿಲ್ಲ.

ಇದನ್ನು ನಮ್ಮೂರವರಿಗೆಂದು ಬರೆಯಲು ಕೂತೆ. ಆದರೆ ಇಲ್ಲಿಯ ಕನ್ನಡ ಅಲ್ಲಿಯೂ ಓದಲು ಬರುತ್ತದೆ. ಶಿವಪುತ್ರಪ್ಪಣ್ಣ, ಅವತ್ತು ರಸ್ತೆಗೆ ಯಾವ ನಾಯಿಯೂ ಬರಲಿಲ್ಲ. ಕೈ ತೆಗೆದವನು ನಾನು. ರೂಪಾಳನ್ನು ಬೈಯಬೇಡಿ. ಇಷ್ಟು ತಿಳಿದ ಮೇಲೂ ಬಾ ಎನ್ನುವ ಹಾಗಿದ್ದರೆ, ಈ ಭಾನುವಾರ ಫೋನ್ ಮಾಡಿ.